ಡಬ್ಲ್ಯುಎಕ್ಸ್‌ವಿಜೆಟ್ಸ್ ಅಪ್ಲಿಕೇಶನ್ ಅನ್ನು ಆರಂಭಿಸುವ ಮತ್ತು ಮುಗಿಸುವ ಸರಿಯಾದ ಕ್ರಮ

ಡೆಸ್ಕ್‌ಟಾಪ್ ಪ್ರೋಗ್ರಾಮ್‌ಗಳಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಬಳಕೆದಾರರು ವಿಂಡೋವನ್ನು ಮುಚ್ಚಿದರೂ ಪ್ರೋಗ್ರಾಮ್ ಟಾಸ್ಕ್ ಮ್ಯಾನೇಜರ್‌ನಲ್ಲಿ ಜೀವಂತವಾಗಿ ಉಳಿದಿರುತ್ತದೆ ಎಂಬುದು ಒಂದು. ದಿನವಿಡೀ ಚೆನ್ನಾಗಿ ನಡೆದ ಪ್ರೋಗ್ರಾಮ್ ಮುಚ್ಚುವ ಗಳಿಗೆಯಲ್ಲಿ ಕ್ರ್ಯಾಶ್ ಆಗುತ್ತದೆ ಎಂಬುದು ಇನ್ನೊಂದು. ಇವೆರಡಕ್ಕೂ ಬೇರು ಬಹುತೇಕ ಒಂದೇ ಕಡೆ ಇರುತ್ತದೆ: ಯಾವ ವಸ್ತು (ಆಬ್ಜೆಕ್ಟ್) ಯಾವಾಗ ಹುಟ್ಟಬೇಕು, ಯಾವಾಗ ಅಳಿಯಬೇಕು ಎಂಬುದನ್ನು ಕೋಡ್ ಬರೆಯುವಾಗ ಖಚಿತವಾಗಿ ತೀರ್ಮಾನಿಸಿರುವುದಿಲ್ಲ. ಈ ಬರಹದಲ್ಲಿ ಸಿ++ ಭಾಷೆಯ ಡಬ್ಲ್ಯುಎಕ್ಸ್‌ವಿಜೆಟ್ಸ್ ಲೈಬ್ರರಿಯನ್ನು ಮುಂದಿಟ್ಟುಕೊಂಡು ಆ ತೀರ್ಮಾನವನ್ನು ಹೇಗೆ ಮಾಡಬೇಕೆಂದು ವಿವರಿಸಿದ್ದೇನೆ. 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಮಾರ್ಟ್ ಆರಂಭಿಸಿದ ಈ ಲೈಬ್ರರಿ ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್‌ಓಎಸ್ ಮೂರರಲ್ಲೂ ಆಯಾ ವ್ಯವಸ್ಥೆಯ ಸ್ವಂತ ಬಟನ್, ಮೆನುಗಳನ್ನೇ ಬಳಸುತ್ತದೆ. ಆದ್ದರಿಂದ ಆರಂಭ ಮತ್ತು ಮುಕ್ತಾಯದಲ್ಲಿ ಮೂರು ವ್ಯವಸ್ಥೆಗಳ ಬೇರೆ ಬೇರೆ ನಡವಳಿಕೆಗಳನ್ನು ಅದು ಒಂದೇ ಚೌಕಟ್ಟಿಗೆ ತರಬೇಕಾಗುತ್ತದೆ. ಆ ಚೌಕಟ್ಟನ್ನು ಅರಿತುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಲೈಬ್ರರಿಯ ಕ್ಲಾಸ್‌ಗಳ ಮತ್ತು ಮ್ಯಾಕ್ರೋಗಳ ಹೆಸರುಗಳೆಲ್ಲ ಡಬ್ಲ್ಯುಎಕ್ಸ್ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಓದಿಗೆ ತೊಡಕಾಗದಿರಲೆಂದು ಇಲ್ಲಿ ಆ ಎರಡಕ್ಷರಗಳನ್ನು ಬಿಟ್ಟು ಆ್ಯಪ್ (ಇಡೀ ಪ್ರೋಗ್ರಾಮ್ ಅನ್ನು ಪ್ರತಿನಿಧಿಸುವುದು), ಫ್ರೇಮ್ (ಪ್ರೋಗ್ರಾಮ್‌ನ ವಿಂಡೋ), ಲೊಕೇಲ್ (ಭಾಷೆಯ ಏರ್ಪಾಡು) ಎಂದಷ್ಟೇ ಬರೆದಿದ್ದೇನೆ. ಕೋಡ್‌ನಲ್ಲಿ ಅವನ್ನು ಸೇರಿಸಿಕೊಳ್ಳಬೇಕು. ಆನ್‌ಇನಿಟ್, ಆನ್‌ರನ್, ಆನ್‌ಎಕ್ಸಿಟ್ ಮುಂತಾದ ಮೆಂಬರ್ ಫಂಕ್ಷನ್‌ಗಳಿಗೆ ಆ ಪೂರ್ವಾಕ್ಷರಗಳಿಲ್ಲ.

ಮೇನ್ ಫಂಕ್ಷನ್ ಎಲ್ಲಿದೆ?

ಡಬ್ಲ್ಯುಎಕ್ಸ್‌ವಿಜೆಟ್ಸ್ ಪ್ರೋಗ್ರಾಮ್‌ನಲ್ಲಿ ನೀವು ಮೇನ್ ಫಂಕ್ಷನ್ ಬರೆಯುವುದಿಲ್ಲ. ಆ್ಯಪ್ ಕ್ಲಾಸ್‌ನಿಂದ ನಿಮ್ಮದೊಂದು ಕ್ಲಾಸ್ ಪಡೆದು, ಇಂಪ್ಲಿಮೆಂಟ್ ಆ್ಯಪ್ ಮ್ಯಾಕ್ರೋಗೆ ಅದರ ಹೆಸರನ್ನು ಕೊಡುತ್ತೀರಿ. ವಿಂಡೋಸ್‌ನಲ್ಲಾದರೆ ವಿನ್‌ಮೇನ್, ಉಳಿದೆಡೆ ಮೇನ್, ಹೀಗೆ ಆಯಾ ವ್ಯವಸ್ಥೆಗೆ ತಕ್ಕ ಪ್ರವೇಶದ್ವಾರವನ್ನು ಆ ಮ್ಯಾಕ್ರೋ ತಾನೇ ಬರೆದುಕೊಂಡು, ಅದರೊಳಗಿನಿಂದ ಎಂಟ್ರಿ ಎಂಬ ಫಂಕ್ಷನ್ ಅನ್ನು ಕರೆಯುತ್ತದೆ. ಮ್ಯಾಕ್ರೋ ಒಂದು ಪ್ರಾಜೆಕ್ಟ್‌ನಲ್ಲಿ ಒಂದೇ ಸೋರ್ಸ್ ಫೈಲ್‌ನಲ್ಲಿ ಇರಬೇಕು. ಬೇರೆ ಫೈಲ್‌ಗಳಿಂದ ಆ್ಯಪ್ ವಸ್ತುವನ್ನು ತಲುಪಬೇಕಾದರೆ ಹೆಡರ್‌ನಲ್ಲಿ ಡಿಕ್ಲೇರ್ ಆ್ಯಪ್ ಮ್ಯಾಕ್ರೋ ಹಾಕಿ, ಗೆಟ್‌ಆ್ಯಪ್ ಫಂಕ್ಷನ್ ಬಳಸಬೇಕು.

ಎಂಟ್ರಿಯ ಒಳಗೆ ನಡೆಯುವ ಕ್ರಮವನ್ನು ಮನದಟ್ಟು ಮಾಡಿಕೊಳ್ಳುವುದು ಅಗತ್ಯ, ಏಕೆಂದರೆ ಮುಂದಿನ ಎಲ್ಲ ಸಲಹೆಗಳೂ ಇದರ ಮೇಲೆಯೇ ನಿಂತಿವೆ. ಮೊದಲು ಆ್ಯಪ್ ವಸ್ತು ಸೃಷ್ಟಿಯಾಗುತ್ತದೆ, ಅಂದರೆ ನಿಮ್ಮ ಕನ್‌ಸ್ಟ್ರಕ್ಟರ್ ಓಡುತ್ತದೆ. ಆಮೇಲೆ ಲೈಬ್ರರಿ ತನ್ನನ್ನು ತಾನು ಸಿದ್ಧಪಡಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ವಿಂಡೋ, ಬಟನ್‌ಗಳನ್ನು ಒದಗಿಸುವ ಜಿಟಿಕೆ ಲೈಬ್ರರಿಯನ್ನು ಎಬ್ಬಿಸುವುದು ಈ ಹಂತದಲ್ಲೇ, ಪರದೆಯೇ ಇಲ್ಲದ ಸರ್ವರ್‌ನಲ್ಲಿ ಓಡಿಸಿದರೆ ಪ್ರೋಗ್ರಾಮ್ ಇಲ್ಲಿಯೇ ನಿಂತುಹೋಗುವುದೂ ಇದರಿಂದಲೇ. ಇದು ಯಶಸ್ವಿಯಾದರೆ ನಿಮ್ಮ ಆನ್‌ಇನಿಟ್ ಕರೆಯಲ್ಪಡುತ್ತದೆ. ಅದು ಸತ್ಯ ಎಂದು ಹಿಂದಿರುಗಿಸಿದರೆ ಆನ್‌ರನ್ ಮೂಲಕ ಈವೆಂಟ್ ಲೂಪ್ (ಕ್ಲಿಕ್, ಕೀಲಿ ಒತ್ತುವಿಕೆ ಮುಂತಾದ ಘಟನೆಗಳಿಗೆ ಕಾದು ಅವನ್ನು ನಿರ್ವಹಿಸುವ ಸುತ್ತು) ಆರಂಭವಾಗಿ, ಕೊನೆಯ ಮೇಲ್ಮಟ್ಟದ ವಿಂಡೋ ಅಳಿಯುವವರೆಗೆ ನಡೆಯುತ್ತದೆ. ಲೂಪ್ ಮುಗಿದೊಡನೆ ಆನ್‌ಎಕ್ಸಿಟ್, ಅದಾದ ಮೇಲೆ ಲೈಬ್ರರಿಯ ಸ್ವಂತ ಶುಚಿಕಾರ್ಯ, ಅದರ ನಡುವೆ ನಿಮ್ಮ ಆ್ಯಪ್ ಕ್ಲಾಸ್‌ನ ಡಿಸ್ಟ್ರಕ್ಟರ್.

ಇದರಲ್ಲಿ ಗಮನಿಸಬೇಕಾದದ್ದು ಆ್ಯಪ್ ವಸ್ತುವಿನ ಆಯುಷ್ಯ ಲೈಬ್ರರಿಯ ಆಯುಷ್ಯಕ್ಕಿಂತ ದೊಡ್ಡದು ಎಂಬ ಸಂಗತಿ. ಕನ್‌ಸ್ಟ್ರಕ್ಟರ್ ಓಡುವಾಗ ಲೈಬ್ರರಿ ಇನ್ನೂ ಎದ್ದಿರುವುದಿಲ್ಲ; ಡಿಸ್ಟ್ರಕ್ಟರ್ ಓಡುವಾಗ ಅದು ಆಗಲೇ ಮಡಚಿಕೊಳ್ಳತೊಡಗಿರುತ್ತದೆ, ಆ್ಯಪ್ ವಸ್ತುವನ್ನು ತೋರಿಸುವ ಜಾಗತಿಕ ಪಾಯಿಂಟರ್ ಕೂಡ ಅಷ್ಟರಲ್ಲಿ ಶೂನ್ಯವಾಗಿರುತ್ತದೆ. ಆದ್ದರಿಂದ ವಿಂಡೋ, ಚಿತ್ರ, ಫಾಂಟ್, ಬಣ್ಣ, ಸೆಟ್ಟಿಂಗ್ ಹೀಗೆ ಲೈಬ್ರರಿಯನ್ನು ಅವಲಂಬಿಸಿದ ಯಾವುದೇ ವಸ್ತು ಆನ್‌ಇನಿಟ್‌ನಿಂದ ಆನ್‌ಎಕ್ಸಿಟ್‌ವರೆಗಿನ ಅವಧಿಯೊಳಗೇ ಹುಟ್ಟಿ ಅಳಿಯಬೇಕು. ಫೈಲ್‌ನ ಮೇಲ್ಭಾಗದಲ್ಲಿ ಜಾಗತಿಕ ವೇರಿಯಬಲ್ ಆಗಿ ಒಂದು ಬಿಟ್‌ಮ್ಯಾಪ್ ಅಥವಾ ಫಾಂಟ್ ಘೋಷಿಸುವುದು ಎರಡು ತುದಿಯಲ್ಲೂ ಈ ಮಿತಿಯನ್ನು ಮೀರುತ್ತದೆ: ಅದು ಆ್ಯಪ್ ವಸ್ತುವಿಗೂ ಮೊದಲೇ ಹುಟ್ಟಿ, ಎಲ್ಲ ಮುಗಿದ ಮೇಲೆ ಅಳಿಯುತ್ತದೆ. ಚಪ್ಪರ ಇಳಿಸುವವರು ತೋರಣ, ದೀಪಗಳನ್ನು ಬಿಚ್ಚಿದ ಮೇಲಷ್ಟೇ ಕಂಬ ಕೀಳುವ ಹಾಗೆ, ಇಲ್ಲಿಯೂ ಆಸರೆ ಇರುವಾಗಲೇ ಅದರ ಮೇಲಿನದನ್ನು ಇಳಿಸಿಬಿಡಬೇಕು.

ಆನ್‌ಇನಿಟ್‌ನಲ್ಲಿ ಏನು, ಯಾವ ಕ್ರಮದಲ್ಲಿ

ಆನ್‌ಇನಿಟ್‌ನ ಮೊದಲ ಸಾಲಿನಲ್ಲಿ ಮೂಲ ಕ್ಲಾಸ್‌ನ ಆನ್‌ಇನಿಟ್ ಅನ್ನು ಕರೆದು, ಅದು ಸುಳ್ಳು ಎಂದರೆ ನೀವೂ ಸುಳ್ಳನ್ನೇ ಹಿಂದಿರುಗಿಸಬೇಕು. ಕಮಾಂಡ್ ಲೈನ್‌ನ ಆಯ್ಕೆಗಳನ್ನು ಓದುವ ಕೆಲಸ ಅಲ್ಲಿ ನಡೆಯುತ್ತದೆ. ಹೆಲ್ಪ್ ಆಯ್ಕೆ ಕೊಟ್ಟು ಓಡಿಸಿದಾಗ ವಿವರಣೆ ತೋರಿಸಿ ನಿಲ್ಲುವುದು ಅದರ ಹೊಣೆ. ಆದರೆ ಇಲ್ಲಿ ಒಂದು ಎಚ್ಚರ ಬೇಕು: ನಿಮ್ಮ ಪ್ರೋಗ್ರಾಮ್ ಫೈಲ್‌ನ ಹೆಸರನ್ನು ಆರ್ಗ್ಯುಮೆಂಟ್ ಆಗಿ ಸ್ವೀಕರಿಸುವಂಥದ್ದಾದರೆ, ಮೂಲ ಕ್ಲಾಸ್‌ಗೆ ಅದರ ಅರಿವಿಲ್ಲದ ಕಾರಣ ಅನಿರೀಕ್ಷಿತ ಪ್ಯಾರಾಮೀಟರ್ ಎಂದು ತಿರಸ್ಕರಿಸಿ ಪ್ರೋಗ್ರಾಮ್ ಅನ್ನೇ ನಿಲ್ಲಿಸುತ್ತದೆ. ಆನ್‌ಇನಿಟ್‌ಕಮಾಂಡ್‌ಲೈನ್ ಎಂದು ಓದಿಕೊಳ್ಳಬಹುದಾದ, ಕಮಾಂಡ್ ಲೈನ್ ಪಾರ್ಸರ್ ಅನ್ನು ಸಿದ್ಧಗೊಳಿಸುವ ಫಂಕ್ಷನ್ ಅನ್ನು ಓವರ್‌ರೈಡ್ ಮಾಡಿ, ಅಲ್ಲಿ ಆ ಪ್ಯಾರಾಮೀಟರ್ ಅನ್ನು ಮೊದಲೇ ಸೇರಿಸಿದರೆ ತೊಂದರೆಯಿಲ್ಲ. ತೊಂದರೆ ಕಂಡು ಮೂಲ ಕ್ಲಾಸ್‌ನ ಕರೆಯನ್ನೇ ಅಳಿಸಿಹಾಕುವುದು ಹಲವರು ಹಿಡಿಯುವ ಅಡ್ಡದಾರಿ. ಪಾರ್ಸರ್‌ಗೆ ಎರಡು ಸಾಲು ಸೇರಿಸುವುದೇ ಉತ್ತಮವೆಂದು ನನ್ನ ಅಭಿಪ್ರಾಯ.

ನಂತರ ಆ್ಯಪ್‌ನ ಹೆಸರು ಮತ್ತು ತಯಾರಕರ ಹೆಸರನ್ನು ಸೆಟ್‌ಆ್ಯಪ್‌ನೇಮ್, ಸೆಟ್‌ವೆಂಡರ್‌ನೇಮ್ ಮೂಲಕ ಕೊಡಿ. ಇವು ಬರೀ ಅಲಂಕಾರಕ್ಕಲ್ಲ. ಕಾನ್ಫಿಗ್ ವಸ್ತು ವಿಂಡೋಸ್‌ನಲ್ಲಿ ರಿಜಿಸ್ಟ್ರಿಯ ಯಾವ ಕೀಲಿಯಡಿ, ಲಿನಕ್ಸ್‌ನಲ್ಲಿ ಯಾವ ಫೈಲ್‌ನಲ್ಲಿ ಸೆಟ್ಟಿಂಗ್‌ಗಳನ್ನು ಬರೆಯಬೇಕೆಂಬುದು ಈ ಹೆಸರುಗಳಿಂದಲೇ ನಿರ್ಧಾರವಾಗುತ್ತದೆ. ಆದ್ದರಿಂದ ಕಾನ್ಫಿಗ್ ಅನ್ನು ಮೊದಲ ಬಾರಿ ಮುಟ್ಟುವ ಮುನ್ನವೇ ಇವು ಸಿದ್ಧವಿರಬೇಕು.

ಒಬ್ಬ ಬಳಕೆದಾರರಿಗೆ ಒಂದೇ ಪ್ರತಿ ನಡೆಯಬೇಕೆಂದಿದ್ದರೆ ಸಿಂಗಲ್ ಇನ್‌ಸ್ಟನ್ಸ್ ಚೆಕರ್ ಎಂಬ ಕ್ಲಾಸ್ ಇದೆ. ಇನ್ನೊಂದು ಪ್ರತಿ ಆಗಲೇ ನಡೆಯುತ್ತಿದೆಯೆಂದು ಅದು ಹೇಳಿದರೆ ಸಂದೇಶ ತೋರಿಸಿ ಆನ್‌ಇನಿಟ್‌ನಿಂದ ಸುಳ್ಳನ್ನು ಹಿಂದಿರುಗಿಸಬೇಕು. ಇಲ್ಲಿಯೇ ಬಹಳ ಜನರಿಗೆ ತಿಳಿಯದ ಒಂದು ನಿಯಮ ಅಡ್ಡ ಬರುತ್ತದೆ: ಆನ್‌ಇನಿಟ್ ಸುಳ್ಳು ಎಂದಾಗ ಆನ್‌ಎಕ್ಸಿಟ್ ಕರೆಯಲ್ಪಡುವುದಿಲ್ಲ. ಅಂದರೆ ಆನ್‌ಇನಿಟ್ ಅರ್ಧದಲ್ಲಿ ವಿಫಲವಾದರೆ, ಅಷ್ಟರೊಳಗೆ ತೆರೆದದ್ದನ್ನೆಲ್ಲ ಆನ್‌ಇನಿಟ್ ತಾನೇ ಮುಚ್ಚಿ ಹೊರಬರಬೇಕು. ಡೇಟಾಬೇಸ್ ಸಂಪರ್ಕ ತೆರೆದು, ಚೆಕರ್ ಸೃಷ್ಟಿಸಿ, ಮೂರನೆಯ ಹೆಜ್ಜೆಯಲ್ಲಿ ಸೋತರೆ, ಮೊದಲೆರಡನ್ನು ಬಿಡುಗಡೆ ಮಾಡುವ ಹೊಣೆಯನ್ನು ಬೇರೆ ಯಾರೂ ಹೊರುವುದಿಲ್ಲ. ಇದಕ್ಕೆ ನಾನು ಶಿಫಾರಸು ಮಾಡುವ ದಾರಿ, ಶುಚಿಗೊಳಿಸುವ ಕೋಡ್ ಅನ್ನು ಒಂದು ಖಾಸಗಿ ಫಂಕ್ಷನ್‌ನಲ್ಲಿ ಬರೆದು, ಆನ್‌ಎಕ್ಸಿಟ್‌ನಿಂದಲೂ ಆನ್‌ಇನಿಟ್‌ನ ಪ್ರತಿ ವಿಫಲ ನಿರ್ಗಮನದಿಂದಲೂ ಅದನ್ನೇ ಕರೆಯುವುದು. ವಸ್ತುಗಳನ್ನು ಯೂನಿಕ್ ಪಾಯಿಂಟರ್‌ನಲ್ಲಿ (ತಾನು ಹಿಡಿದ ವಸ್ತುವನ್ನು ತಾನೇ ಅಳಿಸುವ ಸಿ++ ಪಾಯಿಂಟರ್) ಇಟ್ಟು ಆ ಫಂಕ್ಷನ್‌ನಲ್ಲಿ ರೀಸೆಟ್ ಮಾಡಿದರೆ ಯಾವುದು ಸೃಷ್ಟಿಯಾಗಿತ್ತು, ಯಾವುದು ಆಗಿರಲಿಲ್ಲ ಎಂದು ಪ್ರತ್ಯೇಕ ಪರಿಶೀಲಿಸುವ ಅಗತ್ಯವೂ ಬೀಳುವುದಿಲ್ಲ.

ಭಾಷೆಯ ಏರ್ಪಾಡು ಮೊದಲ ವಿಂಡೋಗಿಂತ ಮುಂಚೆ ಆಗಬೇಕು, ಏಕೆಂದರೆ ಮೆನು ಮತ್ತು ಬಟನ್‌ಗಳ ಮೇಲಿನ ಪಠ್ಯ ಅವು ಸೃಷ್ಟಿಯಾಗುವ ಕ್ಷಣದಲ್ಲೇ ಅನುವಾದದ ಕಡತದಿಂದ ಓದಲ್ಪಡುತ್ತದೆ. ಆಮೇಲೆ ಭಾಷೆ ಬದಲಿಸಿದರೆ ಆಗಲೇ ಬರೆದುಕೊಂಡ ಪಠ್ಯ ತಾನಾಗಿ ಬದಲಾಗುವುದಿಲ್ಲ. ಲೈಬ್ರರಿಯ ಭಾಷಾಪಟ್ಟಿಯಲ್ಲಿ ಕನ್ನಡಕ್ಕೂ ಸ್ಥಾನವಿದೆ. ಲೊಕೇಲ್ ವಸ್ತುವನ್ನು ಆನ್‌ಇನಿಟ್‌ನ ಒಳಗಿನ ಸ್ಥಳೀಯ ವೇರಿಯಬಲ್ ಆಗಿ ಇಟ್ಟರೆ ಫಂಕ್ಷನ್ ಮುಗಿದೊಡನೆ ಅದು ಅಳಿದು, ಭಾಷೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಆದ್ದರಿಂದ ಅದು ಆ್ಯಪ್ ಕ್ಲಾಸ್‌ನ ಮೆಂಬರ್ ಆಗಿ ಪ್ರೋಗ್ರಾಮ್ ಇರುವಷ್ಟು ಕಾಲ ಉಳಿಯಬೇಕು. ಲಿನಕ್ಸ್ ಯಂತ್ರದಲ್ಲಿ ಕನ್ನಡದ ಲೊಕೇಲ್ ಅನ್ನು ವ್ಯವಸ್ಥೆಯ ಮಟ್ಟದಲ್ಲಿ ಅಳವಡಿಸಿರದಿದ್ದರೆ ಲೊಕೇಲ್ ಆರಂಭವೇ ವಿಫಲವಾಗಬಹುದು. ಬಳಕೆದಾರರಿಗೆ ಬೇಕಿರುವುದು ಕನ್ನಡದ ಮೆನುಗಳಷ್ಟೇ ಆಗಿದ್ದರೆ, ಲೊಕೇಲ್ ಇಲ್ಲದೆಯೂ ನಡೆಯುವ ಟ್ರಾನ್ಸ್‌ಲೇಶನ್ಸ್ ಕ್ಲಾಸ್ ಅನ್ನು ನೇರವಾಗಿ ಬಳಸುವುದು ಹೆಚ್ಚು ಭರವಸೆಯ ಮಾರ್ಗ. ಕನ್ನಡದಲ್ಲಿ ಸಿದ್ಧ ಅನುವಾದವಿದ್ದೂ ಪರದೆಯ ಮೇಲೆ ಇಂಗ್ಲಿಷ್ ಮಾತ್ರ ಕಾಣಿಸುವಾಗ ಮೊದಲು ಪರೀಕ್ಷಿಸಬೇಕಾದದ್ದು ಈ ಕ್ರಮವನ್ನೇ. ಇಷ್ಟು ಶ್ರಮವಹಿಸಿ ಅನುವಾದಿಸಿದವರ ಕೆಲಸ ಒಂದು ಸಾಲಿನ ಸ್ಥಾನಪಲ್ಲಟದಿಂದ ಬಳಕೆದಾರರಿಗೆ ತಲುಪದೆ ಹೋಗಬಾರದು.

ಪಿಎನ್‌ಜಿ, ಜೆಪೆಗ್ ಚಿತ್ರಗಳನ್ನು ಓದಬೇಕಿದ್ದರೆ ಚಿತ್ರದ ಹ್ಯಾಂಡ್ಲರ್‌ಗಳನ್ನು ಇಲ್ಲಿಯೇ ನೋಂದಾಯಿಸಿ. ಕೊನೆಗೆ ಮುಖ್ಯ ಫ್ರೇಮ್ ಅನ್ನು ನ್ಯೂ ಮೂಲಕ ಸೃಷ್ಟಿಸಿ, ಶೋ ಕರೆಯಿರಿ. ಬಟನ್‌ಗಳು ಹುಟ್ಟಿದೊಡನೆ ತಾವಾಗಿ ಕಾಣಿಸಿಕೊಳ್ಳುತ್ತವೆ, ಫ್ರೇಮ್ ಹಾಗಲ್ಲ. ದೊಡ್ಡ ಫೈಲ್ ಓದುವುದು, ಜಾಲದಿಂದ ಮಾಹಿತಿ ತರುವುದು ಮುಂತಾದ ನಿಧಾನದ ಕೆಲಸಗಳನ್ನು ಆನ್‌ಇನಿಟ್‌ನಲ್ಲಿ ಮಾಡದಿರಿ, ಏಕೆಂದರೆ ಆಗ ಈವೆಂಟ್ ಲೂಪ್ ಇನ್ನೂ ಶುರುವಾಗಿರದೆ ವಿಂಡೋ ಬರಿದಾಗಿ, ಪ್ರತಿಕ್ರಿಯೆಯಿಲ್ಲದೆ ನಿಲ್ಲುತ್ತದೆ. ಕಾಲ್‌ಆಫ್ಟರ್ ಮೂಲಕ ಆ ಕೆಲಸವನ್ನು ಲೂಪ್ ಆರಂಭವಾದ ಮೇಲಿನ ಹೊತ್ತಿಗೆ ಮುಂದೂಡಿ, ಅದು ನಿಜಕ್ಕೂ ದೀರ್ಘವಾದರೆ ಪ್ರತ್ಯೇಕ ಥ್ರೆಡ್‌ಗೆ (ಅದೇ ಪ್ರೋಗ್ರಾಮ್‌ನೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಸರಣಿಗೆ) ವಹಿಸಿ.

ಪೈಥಾನ್‌ನಲ್ಲಿ ಡಬ್ಲ್ಯುಎಕ್ಸ್‌ಪೈಥಾನ್ ಬಳಸುವವರಿಗೂ ಕ್ರಮ ಇದೇ. ಅಲ್ಲಿ ಆನ್‌ಇನಿಟ್‌ನ ಕೊನೆಯಲ್ಲಿ ಟ್ರೂ ಎಂದು ಹಿಂದಿರುಗಿಸುವುದನ್ನು ಮರೆತರೆ ಪೈಥಾನ್ ಅದನ್ನು ನನ್ (ಮೌಲ್ಯವೇ ಇಲ್ಲ) ಎಂದು ಭಾವಿಸಿ, ಆನ್‌ಇನಿಟ್ ಸುಳ್ಳು ಹೇಳಿತೆಂಬ ಕಾರಣದಿಂದ ಪ್ರೋಗ್ರಾಮ್ ತಕ್ಷಣ ನಿಲ್ಲುತ್ತದೆ.

ಮುಚ್ಚುವುದು ಬೇರೆ, ಅಳಿಯುವುದು ಬೇರೆ

ಬಳಕೆದಾರರು ವಿಂಡೋದ ಮೂಲೆಯ ಗುರುತನ್ನು ಒತ್ತಿದಾಗ ವಿಂಡೋ ಅಳಿಯುವುದಿಲ್ಲ, ಅಳಿಯಲು ಅನುಮತಿ ಕೇಳುತ್ತದೆ. ಈ ಕೋರಿಕೆ ಕ್ಲೋಸ್ ಈವೆಂಟ್ ರೂಪದಲ್ಲಿ ನಿಮ್ಮ ಫ್ರೇಮ್‌ಗೆ ಬರುತ್ತದೆ. ನೀವು ಹ್ಯಾಂಡ್ಲರ್ ಬರೆಯದಿದ್ದರೆ ಫ್ರೇಮ್‌ನ ಮೂಲ ನಡವಳಿಕೆಯಂತೆ ಡಿಸ್ಟ್ರಾಯ್ ಕರೆಯಲ್ಪಡುತ್ತದೆ. ನೀವು ಬರೆದರೆ, ಡಿಸ್ಟ್ರಾಯ್ ಕರೆಯುವ ಅಥವಾ ಈವೆಂಟ್ ಅನ್ನು ಸ್ಕಿಪ್ ಮಾಡಿ ಮೂಲ ಹ್ಯಾಂಡ್ಲರ್‌ಗೆ ಬಿಡುವ ಹೊಣೆ ನಿಮ್ಮದಾಗುತ್ತದೆ. ಎರಡನ್ನೂ ಮಾಡದಿದ್ದರೆ ಗುರುತನ್ನು ಎಷ್ಟು ಬಾರಿ ಒತ್ತಿದರೂ ವಿಂಡೋ ಕದಲುವುದಿಲ್ಲ.

ಉಳಿಸದ ಕೆಲಸವಿದ್ದರೆ ಬಳಕೆದಾರರನ್ನು ಕೇಳಿ, ಅವರು ಮುಚ್ಚುವುದು ಬೇಡವೆಂದರೆ ವೀಟೋ (ನಿರಾಕರಣೆ) ಮಾಡಬಹುದು. ಆದರೆ ಮೊದಲು ಕ್ಯಾನ್‌ವೀಟೋ ಏನು ಹೇಳುತ್ತದೆಂದು ನೋಡಬೇಕು. ಕ್ಲೋಸ್ ಫಂಕ್ಷನ್‌ಗೆ ಬಲವಂತದ ಸೂಚನೆ ಕೊಟ್ಟು ಕರೆದಿದ್ದರೆ ನಿರಾಕರಿಸುವ ಹಕ್ಕು ನಿಮಗಿರುವುದಿಲ್ಲ. ಅಂಥ ಸಂದರ್ಭದಲ್ಲಿ ಪ್ರಶ್ನೆ ಕೇಳುತ್ತ ಕೂರದೆ ಕರಡನ್ನು ತಾತ್ಕಾಲಿಕ ಫೈಲ್‌ಗೆ ಉಳಿಸಿ ಮುಂದುವರಿಯುವುದು ಸೂಕ್ತ. ಮೆನುವಿನ ನಿರ್ಗಮನ ಆಯ್ಕೆಯಿಂದಲೂ ಕ್ಲೋಸ್ ಅನ್ನೇ ಕರೆಯಬೇಕು, ನೇರವಾಗಿ ಡಿಸ್ಟ್ರಾಯ್ ಅನ್ನಲ್ಲ; ಇಲ್ಲವಾದರೆ ಮೂಲೆಯ ಗುರುತಿನಿಂದ ಮುಚ್ಚಿದವರಿಗೆ ಉಳಿಸುವ ಅವಕಾಶ ಸಿಕ್ಕಿ, ಮೆನುವಿನಿಂದ ಮುಚ್ಚಿದವರ ಬರಹ ಕಳೆದುಹೋಗುತ್ತದೆ.

ಡಿಸ್ಟ್ರಾಯ್ ಕರೆದಾಗಲೂ ಫ್ರೇಮ್ ಆ ಕ್ಷಣವೇ ಅಳಿಯುವುದಿಲ್ಲ. ಅದು ಅಳಿಸಬೇಕಾದವುಗಳ ಪಟ್ಟಿಗೆ ಸೇರಿ, ಬಾಕಿಯಿರುವ ಈವೆಂಟ್‌ಗಳು ಮುಗಿದ ಮೇಲೆ ಅಳಿಯುತ್ತದೆ. ಇದು ಉದ್ದೇಶಪೂರ್ವಕ ವಿನ್ಯಾಸ: ಅಳಿದ ವಿಂಡೋಗೆ ಈವೆಂಟ್ ತಲುಪಿ ಪ್ರೋಗ್ರಾಮ್ ಬೀಳಬಾರದು. ಫ್ರೇಮ್‌ನ ಮೇಲೆ ಸಿ++ನ ಡಿಲೀಟ್ ಬಳಸಬಾರದೆಂಬ ನಿಯಮಕ್ಕೂ ಇದೇ ಕಾರಣ.

ಪ್ರೋಗ್ರಾಮ್ ಮುಗಿಯದೆ ಉಳಿದಾಗ

ಸಾಮಾನ್ಯವಾಗಿ ಕೊನೆಯ ಮೇಲ್ಮಟ್ಟದ ವಿಂಡೋ ಅಳಿದಾಗ ಲೂಪ್ ತಾನಾಗಿ ನಿಲ್ಲುತ್ತದೆ. ಈ ಮಾತಿನಲ್ಲಿ ಅಳಿದಾಗ ಎಂಬುದಕ್ಕೆ ಒತ್ತು ಕೊಡಬೇಕು. ಮರೆಯಾದ ವಿಂಡೋ ಅಳಿದ ವಿಂಡೋ ಅಲ್ಲ. ತಾಯಿ ವಿಂಡೋ ಇಲ್ಲದೆ ಸೃಷ್ಟಿಸಿ, ಹೈಡ್ ಮಾಡಿ ಇಟ್ಟ ಹುಡುಕುವ ಪೆಟ್ಟಿಗೆಯೋ ಲಾಗ್ ತೋರಿಸುವ ಫ್ರೇಮೋ ಇದ್ದರೆ, ಕಣ್ಣಿಗೆ ಏನೂ ಕಾಣದಿದ್ದರೂ ಲೂಪ್ ನಡೆಯುತ್ತಲೇ ಇರುತ್ತದೆ. ಆನ್‌ಇನಿಟ್‌ನಲ್ಲಿ ಮುಖ್ಯ ಫ್ರೇಮ್‌ಗೂ ಮುನ್ನ ತೋರಿಸುವ ಲಾಗಿನ್ ಡೈಲಾಗ್ ಇದಕ್ಕೆ ಸರಿಯಾದ ಉದಾಹರಣೆ: ನ್ಯೂ ಮೂಲಕ ಸೃಷ್ಟಿಸಿ ಶೋಮೋಡಲ್ ಮುಗಿದ ಮೇಲೆ ಡಿಸ್ಟ್ರಾಯ್ ಕರೆಯದಿದ್ದರೆ, ಅದು ಮರೆಯಾಗಿ ಬದುಕಿದ್ದು ಪ್ರೋಗ್ರಾಮ್‌ನ ಕೊನೆಯನ್ನು ತಡೆಯುತ್ತದೆ. ಮೋಡಲ್ ಡೈಲಾಗ್ ಅನ್ನು ಸ್ಟ್ಯಾಕ್‌ನಲ್ಲಿ ಸ್ಥಳೀಯ ವೇರಿಯಬಲ್ ಆಗಿ ಸೃಷ್ಟಿಸಿದರೆ ಈ ಚಿಂತೆಯೇ ಇಲ್ಲ. ಉಳಿದ ವಿಂಡೋಗಳಿಗೆ ಮುಖ್ಯ ಫ್ರೇಮ್ ಅನ್ನೇ ತಾಯಿಯಾಗಿ ಕೊಟ್ಟರೆ ಅದರೊಂದಿಗೆ ಅವೂ ಅಳಿಯುತ್ತವೆ. ಟಾಸ್ಕ್‌ಬಾರ್‌ನ ಐಕಾನ್ ಕೂಡ ಪ್ರೋಗ್ರಾಮ್ ಅನ್ನು ಹಿಡಿದಿಡಬಲ್ಲದು. ಮುಖ್ಯ ಫ್ರೇಮ್‌ನ ಕ್ಲೋಸ್ ಹ್ಯಾಂಡ್ಲರ್‌ನಲ್ಲಿ ಅದನ್ನೂ ತೆಗೆದುಹಾಕಿ.

ಇದಕ್ಕೆ ವಿರುದ್ಧವಾಗಿ, ಎಲ್ಲ ವಿಂಡೋ ಮುಚ್ಚಿದ ಮೇಲೂ ಪ್ರೋಗ್ರಾಮ್ ಹಿನ್ನೆಲೆಯಲ್ಲಿ ಉಳಿಯಬೇಕೆಂದೇ ನೀವು ಬಯಸಿದರೆ ಸೆಟ್‌ಎಕ್ಸಿಟ್‌ಆನ್‌ಫ್ರೇಮ್‌ಡಿಲೀಟ್‌ಗೆ ಸುಳ್ಳು ಎಂದು ಕೊಟ್ಟು, ಮುಗಿಸಬೇಕಾದಾಗ ಎಕ್ಸಿಟ್‌ಮೇನ್‌ಲೂಪ್ ಕರೆಯಬೇಕು.

ಥ್ರೆಡ್‌ಗಳ ವಿಷಯಕ್ಕೆ ಹೆಚ್ಚು ಜಾಗರೂಕತೆ ಬೇಕು. ಹಿನ್ನೆಲೆಯ ಥ್ರೆಡ್ ಒಂದು ತನ್ನ ಫಲಿತಾಂಶವನ್ನು ಈವೆಂಟ್ ಮೂಲಕ ಫ್ರೇಮ್‌ಗೆ ಕಳುಹಿಸುತ್ತಿರುವಾಗ ಫ್ರೇಮ್ ಅಳಿದುಹೋದರೆ, ಥ್ರೆಡ್‌ನ ಕೈಯಲ್ಲಿರುವ ಪಾಯಿಂಟರ್ ಇಲ್ಲದ ವಸ್ತುವನ್ನು ತೋರಿಸುತ್ತದೆ. ಮುಚ್ಚುವಾಗ ಆಗೊಮ್ಮೆ ಈಗೊಮ್ಮೆ ಮಾತ್ರ ಆಗುವ ಕ್ರ್ಯಾಶ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಕ್ಲೋಸ್ ಹ್ಯಾಂಡ್ಲರ್‌ನಲ್ಲೇ ಥ್ರೆಡ್‌ಗಾಗಿ ಕಾಯುತ್ತ ನಿಂತರೆ ವಿಂಡೋ ಹೆಪ್ಪುಗಟ್ಟುತ್ತದೆ. ಆ ಥ್ರೆಡ್ ಮುಖ್ಯ ಥ್ರೆಡ್‌ನಿಂದ ಏನನ್ನಾದರೂ ನಿರೀಕ್ಷಿಸುತ್ತಿದ್ದರೆ ಎರಡೂ ಪರಸ್ಪರ ಕಾದು ಸಿಕ್ಕಿಕೊಳ್ಳುತ್ತವೆ. ಹೀಗೆ ಮಾಡುವುದು ಸುರಕ್ಷಿತ: ಕ್ಲೋಸ್ ಈವೆಂಟ್ ಬಂದಾಗ ಥ್ರೆಡ್ ಇನ್ನೂ ನಡೆಯುತ್ತಿದ್ದರೆ, ನಿಲ್ಲಬೇಕೆಂಬ ಸೂಚನೆಯ ಫ್ಲ್ಯಾಗ್ ಎತ್ತಿ, ಮುಚ್ಚುವ ಪ್ರಕ್ರಿಯೆ ಆರಂಭವಾಗಿದೆಯೆಂದು ಗುರುತಿಟ್ಟುಕೊಂಡು, ಸದ್ಯಕ್ಕೆ ವೀಟೋ ಮಾಡಿ. ಥ್ರೆಡ್ ತನ್ನ ಕೊನೆಯ ಈವೆಂಟ್ ಆಗಿ ಮುಗಿಯಿತು ಎಂದು ತಿಳಿಸಿದಾಗ ಅದನ್ನು ವೇಟ್ ಮೂಲಕ ಸೇರಿಸಿಕೊಂಡು ಮತ್ತೆ ಕ್ಲೋಸ್ ಕರೆಯಿರಿ. ವೀಟೋಗೆ ಅವಕಾಶವಿಲ್ಲದ ಸಂದರ್ಭದಲ್ಲಿ ಮಾತ್ರ ಕಾಯುವುದು ಅನಿವಾರ್ಯ; ಆದ್ದರಿಂದ ಥ್ರೆಡ್‌ನ ಒಳಲೂಪ್ ಆ ಫ್ಲ್ಯಾಗ್ ಅನ್ನು ಆಗಾಗ ನೋಡುವಂತಿರಬೇಕು. ಟೈಮರ್‌ಗಳನ್ನೂ ಇದೇ ಹ್ಯಾಂಡ್ಲರ್‌ನಲ್ಲಿ ನಿಲ್ಲಿಸಿ.

ಆನ್‌ಎಕ್ಸಿಟ್ ಮತ್ತು ಅದರ ಮಿತಿ

ಆನ್‌ಎಕ್ಸಿಟ್ ತಲುಪುವ ಹೊತ್ತಿಗೆ ವಿಂಡೋಗಳು ಇರುವುದಿಲ್ಲ, ಆದರೆ ಲೈಬ್ರರಿ ಇರುತ್ತದೆ. ಸಹಾಯಪುಟಗಳ ನಿಯಂತ್ರಕ, ಚೆಕರ್, ಮುದ್ರಣದ ಸೆಟ್ಟಿಂಗ್‌ಗಳು ಹೀಗೆ ಆ್ಯಪ್ ಕ್ಲಾಸ್‌ನಲ್ಲಿ ಇಟ್ಟುಕೊಂಡ ಲೈಬ್ರರಿಯ ವಸ್ತುಗಳನ್ನು ಇಲ್ಲಿ, ಸೃಷ್ಟಿಸಿದ್ದಕ್ಕೆ ವಿಲೋಮ ಕ್ರಮದಲ್ಲಿ, ಬಿಡುಗಡೆ ಮಾಡಬೇಕು. ಮುಖ್ಯ ಫ್ರೇಮ್‌ನ ಗಾತ್ರ ಮತ್ತು ಸ್ಥಾನವನ್ನು ಉಳಿಸಲು ಇದು ತಡವಾದ ಜಾಗ, ಏಕೆಂದರೆ ಫ್ರೇಮ್ ಆಗಲೇ ಹೋಗಿರುತ್ತದೆ. ಆ ಕೆಲಸ ಕ್ಲೋಸ್ ಹ್ಯಾಂಡ್ಲರ್‌ಗೆ ಸೇರಿದ್ದು.

ಕೊನೆಯ ಸಾಲಿನಲ್ಲಿ ಮೂಲ ಕ್ಲಾಸ್‌ನ ಆನ್‌ಎಕ್ಸಿಟ್ ಅನ್ನು ಕರೆದು ಅದರ ಮೌಲ್ಯವನ್ನೇ ಹಿಂದಿರುಗಿಸಿ. ಆ ಮೌಲ್ಯವನ್ನು ಲೈಬ್ರರಿ ಬಳಸುವುದಿಲ್ಲ, ಆದರೆ ಕರೆ ಮಾತ್ರ ಮುಖ್ಯ: ಹಂಚಿಕೆಯ ಕಾನ್ಫಿಗ್ ವಸ್ತುವನ್ನು ಅಳಿಸುವುದು ಅಲ್ಲಿಯೇ. ಲಿನಕ್ಸ್‌ನಲ್ಲಿ ಸೆಟ್ಟಿಂಗ್‌ಗಳು ಮೆಮೊರಿಯಿಂದ ಫೈಲ್‌ಗೆ ಇಳಿಯುವುದು ಆ ವಸ್ತು ಅಳಿಯುವಾಗ ಅಥವಾ ನೀವು ಫ್ಲಶ್ ಕರೆದಾಗ. ವಿಂಡೋಸ್‌ನಲ್ಲಿ ಸರಿಯಾಗಿ ಉಳಿಯುವ ಸೆಟ್ಟಿಂಗ್‌ಗಳು ಲಿನಕ್ಸ್‌ನಲ್ಲಿ ಮಾತ್ರ ಮಾಯವಾಗುತ್ತಿದ್ದರೆ ಈ ಕರೆ ಬಿಟ್ಟುಹೋಗಿದೆಯೇ ಎಂದು ನೋಡಿ.

ಈವೆಂಟ್ ಲೂಪ್‌ನಿಂದ ಹೊರಬೀಳಲು ಎಕ್ಸಿಟ್ ಎಂಬ ಜಾಗತಿಕ ಫಂಕ್ಷನ್ ಕೂಡ ಲೈಬ್ರರಿಯಲ್ಲಿದೆ. ಅದು ಆನ್‌ಎಕ್ಸಿಟ್ ಅನ್ನು ಕರೆದು ಪ್ರೋಗ್ರಾಮ್ ಅನ್ನು ನಿಲ್ಲಿಸುತ್ತದೆ, ಆದರೆ ವಿಂಡೋಗಳಿಗೆ ಕ್ಲೋಸ್ ಈವೆಂಟ್ ಕಳುಹಿಸುವುದಿಲ್ಲ. ಮುಂದುವರಿಯಲಾಗದ ತುರ್ತಿಗೆ ಬಿಟ್ಟು ಬೇರೆಲ್ಲೂ ಅದನ್ನು ಬಳಸಬೇಡಿ.

ಬಳಕೆದಾರರು ಲಾಗ್‌ಔಟ್ ಮಾಡಿದಾಗ ಅಥವಾ ಯಂತ್ರವನ್ನೇ ಆರಿಸಿದಾಗ ದಾರಿ ಸ್ವಲ್ಪ ಬೇರೆ. ವಿಂಡೋಸ್ ಮೊದಲು ಮುಗಿಸಬಹುದೇ ಎಂದು ಕೇಳುತ್ತದೆ; ಲೈಬ್ರರಿ ಅದನ್ನು ಕ್ವೆರಿ ಎಂಡ್ ಸೆಶನ್ ಈವೆಂಟ್ ಆಗಿ ತಂದು, ನೀವು ಬೇರೆ ಹ್ಯಾಂಡ್ಲರ್ ಬರೆದಿರದಿದ್ದರೆ ಮುಖ್ಯ ವಿಂಡೋದ ಕ್ಲೋಸ್ ಅನ್ನು ಕರೆಯುತ್ತದೆ. ಅದಾದ ಮೇಲಿನ ಎಂಡ್ ಸೆಶನ್ ಈವೆಂಟ್‌ಗೆ ನಿರಾಕರಣೆಯಿಲ್ಲ, ಅದಕ್ಕೆ ಸಿಗುವ ಸಮಯವೂ ಅತ್ಯಲ್ಪ. ವಿದ್ಯುತ್ ಹೋದರೆ ಅಥವಾ ಯಾರಾದರೂ ಪ್ರಕ್ರಿಯೆಯನ್ನು ಬಲವಂತವಾಗಿ ಕೊಂದರೆ ಈ ಯಾವ ಫಂಕ್ಷನ್ನೂ ಓಡುವುದಿಲ್ಲ. ಬಳಕೆದಾರರ ಬರಹ, ಲೆಕ್ಕಪತ್ರದಂಥ ಬೆಲೆಯುಳ್ಳ ಮಾಹಿತಿಯನ್ನು ಆನ್‌ಎಕ್ಸಿಟ್‌ನಲ್ಲಿ ಉಳಿಸುವೆನೆಂದು ಕಾಯದೆ, ಕೆಲಸ ನಡೆಯುತ್ತಿರುವಾಗಲೇ ನಿಯಮಿತವಾಗಿ ಡಿಸ್ಕ್‌ಗೆ ಬರೆಯುತ್ತಿರಬೇಕು. ಆನ್‌ಎಕ್ಸಿಟ್‌ಗೆ ಉಳಿಯಬೇಕಾದದ್ದು, ಕಳೆದುಹೋದರೂ ಯಾರಿಗೂ ನಷ್ಟವಾಗದ ಶುಚಿಕಾರ್ಯ ಮಾತ್ರ.

ಬಿಡುಗಡೆಗೆ ಮುನ್ನ ಪ್ರೋಗ್ರಾಮ್ ಅನ್ನು ಟರ್ಮಿನಲ್‌ನಿಂದ ಓಡಿಸಿ, ಮುಚ್ಚಿದ ಮೇಲೆ ಪ್ರಾಂಪ್ಟ್ ಕೂಡಲೇ ಮರಳುತ್ತದೆಯೇ ಎಂದು ನೋಡಿ. ಮೂಲೆಯ ಗುರುತಿನಿಂದ, ಮೆನುವಿನಿಂದ, ಡೈಲಾಗ್ ಒಂದು ತೆರೆದಿರುವಾಗ, ಥ್ರೆಡ್ ಕೆಲಸದ ನಡುವೆ ಇರುವಾಗ, ಎರಡನೆಯ ಪ್ರತಿ ತೆರೆಯಲೆತ್ನಿಸಿದಾಗ, ಲಾಗ್‌ಔಟ್ ಮಾಡಿದಾಗ, ಹೀಗೆ ಪ್ರತಿ ದಾರಿಯಿಂದಲೂ ಒಮ್ಮೆ ಮುಗಿಸಿ ಪರೀಕ್ಷಿಸಿ. ಆನ್‌ಇನಿಟ್‌ನ ಪ್ರತಿ ಹೆಜ್ಜೆಯ ನಂತರವೂ ತಾತ್ಕಾಲಿಕವಾಗಿ ಸುಳ್ಳನ್ನು ಹಿಂದಿರುಗಿಸಿ, ಮೆಮೊರಿ ಬಳಕೆಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಸೇರಿಸಿದ ಬಿಲ್ಡ್‌ನಲ್ಲಿ ಓಡಿಸಿದರೆ ವಿಫಲ ನಿರ್ಗಮನಗಳಲ್ಲಿ ಅಡಗಿರುವ ತಪ್ಪುಗಳು ಹೊರಬೀಳುತ್ತವೆ. ಲಿನಕ್ಸ್‌ನಲ್ಲಿ ಜಿಟಿಕೆ ಮತ್ತು ಫಾಂಟ್ ಲೈಬ್ರರಿಗಳು ತಮ್ಮ ಕೆಲವು ಮೆಮೊರಿಯನ್ನು ಕೊನೆಯವರೆಗೂ ಬಿಡದಿರುವುದರಿಂದ ಸೋರಿಕೆಯ ವರದಿಯಲ್ಲಿ ಅವುಗಳ ಹೆಸರುಗಳೂ ಕಾಣಿಸಿಕೊಳ್ಳುತ್ತವೆ. ನಿಮ್ಮ ಕ್ಲಾಸ್‌ಗಳ ಹೆಸರಿರುವ ಸಾಲುಗಳನ್ನು ಮೊದಲು ಹಿಡಿದು ಸರಿಪಡಿಸಿ.